ನೂರಾ ಎಂಬತ್ನಾಕು

ದುಧನಿ ಸ್ಟೇಷನ್ ರಸ್ತೆದಾಗಿನ ನನ್ನ ಅಂಗಡಿಗಿ
ಜೈತುನ್‌ಬಿ ಅನ್ನದ ಕುಕ್ಕರ ತಂದು ಟೇಬಲ್ ಮ್ಯಾಲ ಇಟ್ಟಳು.
ಬುಡದ ಹಿಡಿಕಿ ಮೇಣದಂಗ ಇಳದಿತ್ತು.
"ನಿನ್ನಿ ರಾತ್ರಿ ಗುಂಡಿ ಜಿಗೀಲಿಲ್ಲ, ಮಿಸ್ತ್ರಿಬಾಯಿ.
ಅನ್ನ ಇದ್ದಲಿ ಆತು. ಆದ್ರೂ ಬಂದ್ ಆಗಲಿಲ್ಲ, ಹಾಳಾದ್ದು."

ಬಂದ್ ಆಗಬೇಕಿತ್ತು.
ಮೂರು ಸ್ಕ್ರೂ ಬಿಚ್ಚಿದೆ. ನಾಕನೇದು ತುಕ್ಕು ಹಿಡದು
ಹಠಕ್ಕ ಕೂತಿತ್ತು. ಗಾಸಲೇಟ ಬಿಟ್ಟು, ಚಾ ಕುಡದು,
ಹನ್ನೆರಡರ ಪ್ಯಾಸೆಂಜರ ಹೋದ ಮ್ಯಾಲ ತಿರುಗ್ತು.

ಒಳಗ, ಅಯಸ್ಕಾಂತದ ಬುಡಕ್ಕ ಒಂದು ಅಗಳು,
ಕಲ್ಲಾಗಿ, ಹಾಲಹಲ್ಲಿನಂಗ. ಗುಂಡಿ ಹಿಡದಿದ್ದು ಅದು. ಸರಿ.
ಆದ್ರ ಅಯಸ್ಕಾಂತ ತಪ್ಪಿದ್ರೂ ತಾ ತಪ್ಪಬಾರದಾಂವ ಒಬ್ಬ ಇರ್ತಾನ,
ಬಿಳೇ ನೂಲಿನ ಚೀಲದಾಗ, ಎರಡು ಗೋದಿಕಾಳು ಉದ್ದ,
ಒಂದೇ ಸಲ ಸಾಯಲಾಕ ಕೂತಾಂವ.
ಅಂವ ಇರಲಿಲ್ಲ.

ಅವನ ಜಾಗಾದಾಗ ತಂತಿ.
ತಾಮ್ರದ ಐದು ಎಳಿ, ಮೂರು ಸುತ್ತು,
ತುದಿ ಎಡಕ್ಕ ಮಣಿಸಿ ಒತ್ತಿದ್ದು.
ಈ ಗಂಟಿನ ಗುರ್ತು ನನಗದ.
ನನ್ನ ಬೆರಳಿಗಿ ಇದನ್ನ ಕಲಿಸಿದಾಂವ ಚನವೀರ ಕಾಕಾ,
ಸುತ್ತು ಸಡಲಾದ್ರ ಸ್ಕ್ರೂಡ್ರೈವರಿನ ಹಿಡಿಕಿಲೆ
ಗೆಣ್ಣಿಗಿ ಬಡದಾಂವ.

ನಾ ಏನೂ ಅನಲಿಲ್ಲ. ಸಂಜೀಕ ಬರ್ತೀನಂತ ಅಕಿ ಹೋದಳು.

ಎಷ್ಟು ಕಾವಿಗಿ ಸಾಯಾಂವ ಅಂತ
ಅವನ ಮೈಮ್ಯಾಲೇ ಬರದಿರ್ತದ. ಮೈಯೇ ಇಲ್ಲ.
ಬುಡದ ಲೇಬಲ್ಲು ಕರ್ರಗ ಸುಟ್ಟದ.
ಅಂದಾಜಿನ ಮ್ಯಾಲ ಹಾಕಬಾರದು:
ಕಡಿಮಿದು ಹಾಕಿದ್ರ ಅನ್ನ ಬೇಯೂದ್ರೊಳಗ ಪ್ರಾಣ ಬಿಡ್ತದ,
ಹೆಚ್ಚಿಂದು ಹಾಕಿದ್ರ ಪರದೆ ಹತ್ತಿದ ಮ್ಯಾಲ ಏಳ್ತದ.

ಗುಜರಿ ರಾಶ್ಯಾಗ ಅದೇ ಕಂಪನಿದು, ಅದೇ ಅಳತಿದು ಒಂದಿತ್ತು,
ಹೊಟ್ಟಿ ಒಡದದ್ದು. ಬಿಚ್ಚಿ, ಚೀಲ ಸರಸಿ,
ಬ್ಯಾಟರಿ ಬೆಳಕು ಅಡ್ಡ ಹಿಡದೆ. ಅಕ್ಷರ ಸವದಾವ.
ಗಲ್ಲಾಪೆಟ್ಟಿಗಿ ಮ್ಯಾಲಿನ ವಿಭೂತಿಗಟ್ಟಿ ತಗದು
ಬೆಳ್ಳಿ ಮೈಗಿ ತಿಕ್ಕಿ, ಹೆಬ್ಬೆರಳಿಲೆ ಒರಸಿದೆ.
ತಗ್ಗಿನಾಗ ಬೂದಿ ಉಳೀತು. ಉಳದದ್ದು ಓದಿದೆ:
ಹತ್ತು ಆಂಪಿಯರ್. ಇನ್ನೂರೈವತ್ತು ವೋಲ್ಟ್.
ನೂರಾ ಎಂಬತ್ನಾಕು.

ಸೋಲಾಪುರದ ನವೀ ಪೇಠದಿಂದ ತಂದ ಪಾಕೀಟಿನಾಗ
ಆ ನಂಬರಿನವು ಎರಡೇ ಇದ್ದವು.
ಮೊದಲಿನದು ನಾನೇ ಕೊಂದೆ.
ಅವಸರಕ್ಕ ಬೆಸಿಗಿ ಹಾಕಲಾಕ ಹೋದೆ,
ಕಾವು ಕಾಲಿಂದ ಒಳಗೇರಿ, ಮೀಟರು ಮೂಕಾತು.
ಬೆಂಕಿ ಕಾಯಲಾಕ ಬಂದಾಂವನ್ನ
ಬೆಂಕಿ ಕೊಟ್ಟು ಕೂಡಿಸಬಾರದಂತ
ಹನ್ನೆರಡು ರೂಪಾಯಿಗಿ ಮತ್ತೊಮ್ಮೆ ಕಲತೆ.
ಎರಡನೇದಕ್ಕ ಸಣ್ಣ ಹಿತ್ತಾಳಿ ಕೊಳವಿ ಏರಿಸಿ
ಇಕ್ಕಳಲೆ ಕಚ್ಚಿಸಿದೆ. ಮೀಟರು ಕೂಗ್ತು.

ನಾಕಕ್ಕ ಕಾಕಾ ಬಂದ, ದಿನದಂಗ ಕಟ್ಟಿ ಮ್ಯಾಲ ಕೂತ.
ಆ ತಂತಿ ಅವನ ಅಂಗೈಯಾಗ ಇಟ್ಟೆ.
ಕನ್ನಡಕ ಏರಿಸಿ ನೋಡ್ದ. ತಿರುವಿ ನೋಡ್ದ.
"ಅವರ ಮನ್ಯಾಗ ಮದವಿ ಇತ್ತು. ಪಾರ್ಟು ಇರಲಿಲ್ಲ.
ಇವತ್ತೊಂದಿನ ಚಲ್ತದ, ನಾಳಿ ತಾ ಅಂದಿದ್ದೆ."
"ಆ ನಾಳಿಗಿ ಒಂಬತ್ತು ವರ್ಷ ಆತು, ಕಾಕಾ."
ಹೂಂ ಅಂದ. ಚಾ ತಣ್ಣಗಾತು.
ಆಮ್ಯಾಲ ತುಟಿ ಅಲಗಿಸಿ, ಬೆರಳು ಮಡಚಿ,
ಓಣಿ ಓಣಿ ಎಣಸಲಾಕ ಹತ್ತಿದ.

ಜೈತುನ್‌ಬಿ ಬಂದು ಕೇಳಿದಳು:
"ಹೊಸಾದು ಕೆಲಸ ಮಾಡ್ತದೇನು? ತೋರಸು."
ತೋರಸಬೇಕಂದ್ರ ಸುಡಬೇಕು. ಸುಟ್ಟರ ಅದು ಮುಗೀತು.
"ಕೆಲಸ ಮಾಡಿದ ದಿನ ಗೊತ್ತಾಗ್ತದ," ಅಂದೆ.
ಅಕಿ ನನ್ನ ಮಾರಿ ನೋಡಿದಳು, ಕುಕ್ಕರ ನೋಡಿದಳು,
ರೊಕ್ಕ ಎಣಿಸಿದಳು. ನಾ ಕೊಂದದ್ದರ ರೊಕ್ಕ ಹಿಡೀಲಿಲ್ಲ.

ಅಕಿ ಹೊಂಟ ಮ್ಯಾಲ ಕಾಕಾ ಎದ್ದ, ಧೋತರ ಜಾಡಿಸಿದ.
"ನಾಳಿ ಸೋಲಾಪುರಕ್ಕ ಹೋದ್ರ ಇಪ್ಪತ್ತೆಂಟು ತಾ."
"ಯಾವ ನಂಬರಿನವು?"
"ನಂಬರು ನೋಡಲಾಕ ನೀ ಬರಬೇಕು.
ಮನಿ ನಾ ತೋರಸ್ತೀನಿ."