ಡ್ರಮ್ಮಿನ ನೆರಳು

ಹಳೆಯ ಕಂಪ್ಯೂಟರು ಸತ್ತದ್ದು ಒಂದು ಮಂಗಳವಾರ,
ಬೀದಿ ತುಂಬ ಕೊಬ್ಬರಿ ಲಾರಿ.
ತೌಸೀಫ ಅದರ ಬೆನ್ನು ಬಿಚ್ಚಿ ಧೂಳೂದಿ
‘ಇದಕ್ಕಿನ್ನು ಜೀವ ಬರಲ್ಲ ಟೀಚರ್’ ಅಂದ.
ಹೊಸದು ತಂದು ಕೂರಿಸಿದ.
ನನ್ನ ಸಿ.ಡಿ.ಯನ್ನು ಹಿಂದೆ ಮುಂದೆ ತಿರುಗಿಸಿ
ಅದರಲ್ಲೇ ಮುಖ ನೋಡಿಕೊಂಡು ತಲೆ ಬಾಚಿಕೊಂಡ.
ಇದನ್ನು ತಿನ್ನುವ ಬಾಯಿ ಹೊಸ ಮಿಷನ್ನಿಗಿಲ್ಲ,
ಮಾಡಿದ ಕಂಪನಿಯೂ ಇಲ್ಲವಂತೆ.

ಹದಿನಾರು ವರ್ಷ.
ಅರಸೀಕೆರೆಯ ಹೊಲಿಗೆ ಶಾಲೆಯಲ್ಲಿ ಹಗಲೆಲ್ಲ
ಹುಡುಗಿಯರಿಗೆ ಕಂಕುಳ ಕಟಿಂಗು ಹೇಳಿಕೊಟ್ಟು
ರಾತ್ರಿ ಅದರಲ್ಲಿ ಕತ್ತರಿಸುತ್ತಿದ್ದೆ:
ರೈಲು ಟಿಕೆಟ್ಟು, ರವಿಕೆ ಕಣದ ಅಂಚು,
ನಾಮಕರಣದ ಕಾರ್ಡಿನ ಅರಿಶಿನ ಹಚ್ಚಿದ ಮೂಲೆ,
ನಮ್ಮವರು ಕೊನೆಯ ಸಲ ಬರೆದ ದಿನಸಿ ಚೀಟಿ
(ಉದ್ದಿನಬೇಳೆ ಅರ್ಧ ಕೇಜಿ, ಪಕ್ಕದಲ್ಲಿ ಪ್ರಶ್ನಾರ್ಥಕ).
ಸ್ಕ್ಯಾನು ಮಾಡಿ, ಫೋಟೋದ ಸುತ್ತ ಅಂಟಿಸಿ
ಪುಟ ಕಟ್ಟುತ್ತಿದ್ದೆ, ಗೋಂದಿಲ್ಲದ ಅಂಟು.
ನೂರಾ ನಲವತ್ತೊಂದು ಪುಟ.
ಈಗ ಒಂದಕ್ಕೂ ಬೀಗದ ಕೈ ಇಲ್ಲ.

ಮೊದಲು ನೋಡಿದ್ದು ದೊಡ್ಡ ಮನೆತನದ್ದು.
ತಿಂಗಳಿಗಿಷ್ಟು ಕಟ್ಟಬೇಕು, ತಪ್ಪಿದರೆ ಬಾಗಿಲು ಹಾಕುತ್ತದೆ.
ಕತ್ತರಿಗೆ ಬಾಡಿಗೆ ಕೊಟ್ಟವಳಲ್ಲ ನಾನು,
ಸಾಣೆ ಹಿಡಿಸಿದ್ದೇನೆ, ಅಷ್ಟೆ.

ಇನ್ನೊಂದು ಪುಕ್ಕಟೆ. ಅಮ್ಮನ ಹಣೆಯ ಮೇಲೆ
ಅಡ್ಡಡ್ಡ ತನ್ನ ಹೆಸರು ಬರೆಯಿತು,
ಮುಯ್ಯಿ ಕೊಡುವ ಚೊಂಬಿನ ಮೇಲೆ ಕೊರೆಸುವವರ ಹಾಗೆ.

ಮತ್ತೊಂದು ಬಲು ಜಾಣ. ಹೇಳದೆ ಕೇಳದೆ
ಅವಳ ಕೆನ್ನೆಯ ಸಿಡುಬಿನ ಕಲೆ ಒರೆಸಿಬಿಟ್ಟಿತು.
ಹದಿಮೂರು ಗುಳಿ ಅವು. ಮಡಿಲಲ್ಲಿ ಮಲಗಿ
ಬೆರಳಿಟ್ಟು ಎಣಿಕೆ ಕಲಿತದ್ದೇ ಅಲ್ಲಿ.
ಯಾರೋ ಚೆಂದದ ಹೆಂಗಸು
ನಮ್ಮಮ್ಮನ ಸೀರೆ ಉಟ್ಟು ನಿಂತಿದ್ದಳು.
ಥತ್ ಅಂದು ಮುಚ್ಚಿದೆ.

ಮುಂದಿನದು ಹಳೆಯ ಪುಟವನ್ನೇನೋ ತೆರೆಯಿತು,
ಆದರೆ ಎಲ್ಲ ಒಂದೇ ಹಲಗೆ, ಇಸ್ತ್ರಿ ಹೊಡೆದಂತೆ.
ಟಿಕೆಟ್ಟು ಎತ್ತಲು ಹೋದರೆ ಗೋಡೆಯೂ ಎದ್ದು ಬಂತು.
ಬಿಚ್ಚಲು ಒಂದು ನೂಲೂ ಸಿಗದ ರವಿಕೆಯನ್ನು
ಯಾವ ದರ್ಜಿ ತಾನೆ ಸಡಿಲಿಸಿಯಾನು?

‘ಇನ್ನೊಂದಿದೆ, ನೋಡಕ್ಕೆ ಲಕ್ಷಣ ಇಲ್ಲ’ ಅಂದ ತೌಸೀಫ.
ಯಾರು ಯಾರೋ ಬಿಡುವಿನಲ್ಲಿ ಕೂತು ಬರೆದದ್ದಂತೆ,
ದುಡ್ಡು ಬೇಡವಂತೆ. ಗುಂಡಿಗಳೆಲ್ಲ ತಪ್ಪು ಜಾಗದಲ್ಲಿ.
ಕತ್ತರಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ
ಹುಬ್ಬಳ್ಳಿ ಗಾಡಿ ಬಂದು, ನಿಂತು, ಹೋಯಿತು.

ಗೃಹಪ್ರವೇಶದ ಪುಟ ಕೊಟ್ಟೆ.
ಒಂದೊಂದೇ ಪದರ ಇಳಿಯಿತು:
ಗೋಡೆ. ಮಾವಿನೆಲೆ. ನೀರಿನ ಡ್ರಮ್ಮು. ನಾವಿಬ್ಬರು.
ಆಮೇಲೆ, ಡ್ರಮ್ಮಿನ ಪಕ್ಕ,
ವಿಮಲಾಕ್ಷಿ.

ಹಳೆಯದರಲ್ಲಿ ಪದರಕ್ಕೊಂದು ಪುಟ್ಟ ಕಣ್ಣಿರುತ್ತಿತ್ತು,
ಒತ್ತಿದರೆ ಮುಚ್ಚುತ್ತಿತ್ತು.
ಅಮ್ಮನ ಹೊಲಿಗೆ ಮಿಷನ್ನನ್ನು ಒಂದು ಮಾತೂ ಕೇಳದೆ
ಆಟೋದಲ್ಲಿ ಹಾಕಿಕೊಂಡು ಹೋದಳಲ್ಲ ತಂಗಿ,
ಆ ವಾರ ಅವಳ ಕಣ್ಣು ಒತ್ತಿದ್ದೆ.
ಅಳಿಸಿರಲಿಲ್ಲ.
ಅಳಿಸಿದೆ ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.
ಹೊಸದಕ್ಕೆ ನಮ್ಮ ಜಗಳ ಗೊತ್ತಿಲ್ಲ,
ಎಲ್ಲ ಕಣ್ಣೂ ತೆರೆದೇ ತಂದು ನಿಲ್ಲಿಸಿತು.

ನೆರಳು ಬೇರೆಯೇ ಪದರ.
ಅದನ್ನು ಮುಚ್ಚಲು ಅವತ್ತು ಮರೆತಿದ್ದೆ.
ಹನ್ನೊಂದು ವರ್ಷ ಗೋಡೆಯ ಮೇಲೆ
ಆಳಿಲ್ಲದ ನೆರಳು ಹಾಗೇ ನಿಂತಿತ್ತು.
ಯಾರದಿದು ಅಂತ ಕೇಳಿದವರಿಗೆ ಡ್ರಮ್ಮಿನದು ಅನ್ನುತ್ತಿದ್ದೆ.
ಡ್ರಮ್ಮಿಗೆ ಜಡೆ ಇರುತ್ತದೆಯೆ,
ಯಾರೂ ಕೇಳಲಿಲ್ಲ.

‘ಸೇವ್ ಮಾಡ್ಲಾ ಟೀಚರ್?’
ತಡಿ ಅಂದೆ. ಅಂಚು ಒರಟಾಗಿದೆ,
ಆಗಿನ್ನೂ ಕೈ ಪಳಗಿರಲಿಲ್ಲ ನನಗೆ,
ಅವಳ ಓಲೆ ಅರ್ಧ ಕತ್ತರಿಸಿ ಹೋಗಿದೆ.
ಉಳಿದರ್ಧಕ್ಕೆ ಮೂಲ ಫೋಟೋ ಬೇಕು.
ಅದಿರುವುದು ತಿಪಟೂರಿನಲ್ಲಿ, ಅವಳ ಹತ್ತಿರ,
ಮಿಷನ್ನಿನ ಡ್ರಾಯರಿನಲ್ಲಿರಬೇಕು.