ಎರಡನೆಯ ಓನರು

ಬನ್ನೇರುಘಟ್ಟ ರಸ್ತೆಯ ಯಾರ್ಡಿನಲ್ಲಿ
ಎರಡನ್ನೂ ತೊಳೆದು ಅಕ್ಕಪಕ್ಕ ನಿಲ್ಲಿಸಿದ್ದ ಹುಡುಗ, ತರುಣ್.
ಹೆಣ್ಣು ನೋಡಲು ಬಂದವರ ಹಾಗೆ ನಾವು,
ಕೇಸರಿಬಾತೊಂದು ಕಡಿಮೆ.

ಬಿಳಿ ಬ್ರೆಝಾ, ನೀಲಿ ನೆಕ್ಸಾನ್.
ಒಂದೇ ವರ್ಷದವು, ಹೆಚ್ಚುಕಮ್ಮಿ ಒಂದೇ ಬೆಲೆ.
ಗಿರಿಧರನ ಫೋನಿನಲ್ಲಿ ಹದಿನಾರು ಸಾಲಿನ ಪಟ್ಟಿ:
ಮೈಲೇಜು, ಇನ್ಶೂರೆನ್ಸು, ಟೈರು ಸವೆದದ್ದೆಷ್ಟು,
ಮಾರುವಾಗ ಎಷ್ಟು ಬಂದೀತು.
ಕೊಳ್ಳುವ ಮೊದಲೇ ಮಾರುವ ಮಾತು.

ಹಣ ನನ್ನದು. ಚೀಟಿ ಎತ್ತಿದ್ದು, ಮೇಲಿಷ್ಟು ಪಿ.ಎಫ್.
ಹದಿನೇಳು ವರ್ಷ ಸ್ಕೂಟಿಯಲ್ಲಿ
ಬಸ್ಸಿನ ಹೊಗೆ ಕುಡಿಯುತ್ತ
ಬ್ಲಡ್ ಬ್ಯಾಂಕಿನ ಕೆಲಸಕ್ಕೆ ಹೋಗಿ ಬಂದವಳು.
ನನಗೆ ಬೇಕಿದ್ದುದು ಇಷ್ಟೇ:
ಗಾಜು ಏರಿಸಿಕೊಂಡು, ಯಾವುದಾದರೊಂದು ಸಿಗ್ನಲ್ಲಿನಲ್ಲಿ,
ಯಾರಿಗೂ ಕೇಳಿಸದಂತೆ ಬಾಯಿತುಂಬ ಬೈಯುವುದು.

ಅತ್ತೆಯನ್ನು ಕರೆತಂದದ್ದು ಮಂಡಿಗಾಗಿ,
ಆ ಮಂಡಿ ಯಾವ ಪಟ್ಟಿಯಲ್ಲೂ ಇಲ್ಲದ ಅಳತೆ.
ಬಿಳಿಗೆ ಹತ್ತುವಾಗ "ಶಿವಾ" ಅಂದರು ಎರಡು ಸಲ.
ನೀಲಿಗೆ, ಒಂದೇ ಸಲ.
ಒಂದು ಶಿವನಷ್ಟು ಮುಂದಿತ್ತು ನೀಲಿ.

ಬಿಳಿಯ ಎಡ ಬಾಗಿಲಲ್ಲಿ ನೆಗ್ಗು.
ಗೇರಿನ ಗುಂಡು ಯಾರದೋ ಅಂಗೈಯಲ್ಲಿ ಸವೆದು ನುಣುಪು.
ಹಿಂದಿನ ಗಾಜಿನಲ್ಲಿ ಕಿತ್ತ ಸ್ಟಿಕ್ಕರಿನ ನೆರಳು,
ಕಣ್ಣು ಕಿರಿದು ಮಾಡಿದರೆ ಇನ್ನೂ ಓದಬಹುದು:
ಅಪ್ಪನ ಆಶೀರ್ವಾದ.
ಅಣ್ಣತಮ್ಮಂದಿರು ಪಾಲಾದಾಗ ಮಾರಿದರಂತೆ,
ಆಶೀರ್ವಾದವನ್ನು ಬ್ಲೇಡಿನಲ್ಲಿ ಕೆರೆದು.

ನೀಲಿಗೆ ಹೊಸ ಸೀಟ್ ಕವರು, ಮಲ್ಲಿಗೆ ಸೆಂಟು.
ಅತ್ತೆ ಸೀಟಿನ ಸಂದಿಗೆ ಬೆರಳು ತೂರಿಸಿ
(ಕೂತಲ್ಲೆಲ್ಲ ಸಂದಿ ಹುಡುಕುವ ಬೆರಳು)
ಎರಡು ಕಾಳು ಅಕ್ಕಿ ತೆಗೆದರು, ಅರಿಶಿನ ಮೆತ್ತಿದ್ದು.
"ಯಾರದೋ ಮದುವೆಗೆ ಹೋಗಿ ಬಂದ ಬಂಡಿ ಕಣೇ,
ಇದೇ ಇರಲಿ."
ಗಿರಿಧರ ಪಟ್ಟಿಗೆ ಹದಿನೇಳನೆಯ ಸಾಲು ಸೇರಿಸಲಿಲ್ಲ,
ಫೋನು ಜೇಬಿಗಿಟ್ಟ.
ಅಡ್ವಾನ್ಸಿಗೆಂದು ನಾನು ಬ್ಯಾಗು ತೆರೆದೆ.

ಜಬೀವುಲ್ಲಾ ಬಂದದ್ದು ಆಗ,
ವಿಲ್ಸನ್ ಗಾರ್ಡನ್ನಿನಿಂದ, ಟೀ ಮುಗಿಸಿಕೊಂಡು.
ಬಾನೆಟ್ಟು ಎತ್ತಲಿಲ್ಲ. ಎಂಜಿನ್ನಿನ ಸದ್ದು ಕೇಳಲಿಲ್ಲ.
ಡ್ರೈವರ್ ಸೀಟಿನ ಕೆಳಗೆ ಕಾರ್ಪೆಟ್ಟಿನ ಮೂಲೆ ಎತ್ತಿ
ಮಗುವಿನ ನೆತ್ತಿ ಮೂಸುವಂತೆ ಮೂಸಿದ.
ಬೆರಳಿಗೆ ಹತ್ತಿತು ನುಣ್ಣನೆ ಬೂದು ಮಣ್ಣು.
ಸೀಟಿನ ಬೋಲ್ಟುಗಳಿಗೆ ಕೆಂಪು ತುಕ್ಕು.

"ಇದು ಕೆರೆ ನೋಡಿರೋ ಗಾಡಿ, ಮೇಡಂ."

ತರುಣ್ ಆಕಾಶ ನೋಡಿದ.
ನಂಬರು ಐವತ್ತಮೂರು, ಕೆ.ಆರ್. ಪುರದ ಕಡೆಯದು.
ಯಾವುದೋ ಮಳೆಯ ರಾತ್ರಿ, ಯಾವುದೋ ಬೇಸ್‌ಮೆಂಟು,
ಸ್ಟಿಯರಿಂಗಿನ ಮಟ್ಟ ನಿಂತಿದ್ದೀತು ನೀರು.
ತನ್ನ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದು ಯಾರೆಂದು
ನೋಡಿ ಹೋಗಲು ಬಂದ ಕೆರೆ
ಒಳಗೆ ಬಂದು, ಕೂತು,
ಎರಡು ದಿನ ಎಲ್ಲಿಗೂ ಹೊರಡದೆ ಇದ್ದು,
ಎದ್ದು ಹೋಗಿದೆ.
ಮೊದಲನೆಯ ಓನರು ಡಾಕ್ಟರು, ಅಂದಿದ್ದ ಹುಡುಗ.
ಎರಡನೆಯವರ ಸುದ್ದಿ ಎತ್ತಿರಲಿಲ್ಲ.

ಅಕ್ಷತೆ ನೀರಿಗೆ ಮೊದಲಿನದೋ, ನಂತರದ್ದೋ,
ಜಬೀವುಲ್ಲಾನಿಗೂ ಹೇಳಲಾಗಲಿಲ್ಲ.
ಅತ್ತೆ ಎಸೆಯಲಿಲ್ಲ,
ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಬಿಳಿಯನ್ನೇ ತಂದೆವು. ನೆಗ್ಗಿಗೆ ಆರು ಸಾವಿರ ಇಳಿಸಿ.
ಅತ್ತೆ ಎರಡು ಸಲ "ಶಿವಾ" ಅಂದು ಹತ್ತಿದರು.
ಬನಶಂಕರಿ ಸಿಗ್ನಲ್ಲಿನಲ್ಲಿ ಆಟೋ ಒಂದು ನುಗ್ಗಿತು,
ಗಾಜು ಏರಿಸಿದೆ,
ಹಿಂದೆ ಅತ್ತೆ ಇದ್ದರು, ಬಾಯಿ ಮುಚ್ಚಿದೆ.

ನಮ್ಮ ಮನೆ ಹೊಸಕೆರೆಹಳ್ಳಿ,
ಬಸ್ ಸ್ಟಾಪಿನ ಹೆಸರು ಕೆರೆಕೋಡಿ.
ಹನ್ನೊಂದು ವರ್ಷದಿಂದ ಕಂಡಕ್ಟರಿಗೆ ಹೇಳುತ್ತ ಬಂದ ಹೆಸರು.
ಬೇಸ್‌ಮೆಂಟಿನ ಇಳಿಜಾರಿನ ತುದಿಯಲ್ಲಿ
ಬ್ರೇಕು ತುಳಿದು ನಿಂತುಬಿಟ್ಟೆ.
"ಯಾಕೆ?" ಎಂದ ಗಿರಿಧರ.

ಇವತ್ತೊಂದು ರಾತ್ರಿ ರಸ್ತೆಯಲ್ಲೇ ಇರಲಿ, ಅಂದೆ.