ಮೂರನೆಯ ಬಾಚಣಿಗೆ

ಮಕ್ಕಳಿಗೆ ರಜೆ ಸಿಕ್ಕಿತು, ನನಗಿಲ್ಲ.
ಕಂಕನಾಡಿಯ ಮೆಡಿಕಲ್ಲಿನಲ್ಲಿ ಡಿಸೆಂಬರೆಂದರೆ
ಕೆಮ್ಮಿನ ಸಿರಪ್ಪು, ನೆಗಡಿಯ ಮಾತ್ರೆ, ಚಿಲ್ಲರೆಯ ಜಗಳ.
ಏಳೂವರೆಗೆ ಬಸ್ಸಿಳಿದು ಕುಲಶೇಖರದ ಏರು ಹತ್ತುವಾಗ
ಯಾರದೋ ಮನೆಯಿಂದ ಕಾದ ಎಣ್ಣೆಯ ಪರಿಮಳ.
ಅಯ್ಯೋ ದೇವರೇ,
ನಮ್ಮದಿನ್ನೂ ಹಿಟ್ಟೇ ಕಲಸಿಲ್ಲ.

ಬಾಗಿಲಲ್ಲೇ ದೂರುಗಳ ಸಾಲು:
ಇವ ಗೆರಟೆಗೆ ಮತ್ತೆ ನೀರು ಹಾಕಿದ, ಆರನೇ ಸಲ!
ಗೋದಲಿಯ ಗದ್ದೆಗೆಂದು ಬಿತ್ತಿದ ರಾಗಿ
ಮೂರು ಗೆರಟೆಯಲ್ಲಿ ಕೊಳೆತು ನಾರುತ್ತಿದೆ,
ಒಂದರಲ್ಲಿ ಮಾತ್ರ ಎದ್ದಿದೆ
ಕ್ಷೌರ ಮರೆತ ಗಲ್ಲದ ಹಾಗೆ.
ವಲೇರಿಯನ್ನನ ನಕ್ಷತ್ರ ಇನ್ನೂ ಬಿದಿರ ಕಡ್ಡಿಯಲ್ಲೇ ಉಂಟು,
"ನಾಳೆ ಕಾಗದ ಅಂಟಿಸ್ತೇನೆ ಮಾರಾಯ್ತಿ."
ನಿನ್ನೆಯೂ ಅದನ್ನೇ ಹೇಳಿದ್ದ.

ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರು ಹಾಸಿ ಕೂತೆವು.
ಅತ್ತೆ ಕಟ್ಟಿಟ್ಟ ಅದೇ ತೊಟ್ಟೆ ಬಿಚ್ಚಿದರೆ
ಮೂರು ಬಾಚಣಿಗೆ:
ಇಪ್ಪತ್ತು ವರ್ಷವಾದರೂ ತಲೆಗೂದಲು ಕಾಣದವು.
ಹಿಟ್ಟಿನ ಗುಂಡು ಹಲ್ಲುಗಳ ಮೇಲೊತ್ತಿ
ಹೆಬ್ಬೆರಳಲ್ಲಿ ಉರುಳಿಸಿದರೆ ಗೀರುಗೀರಿನ ಕಿಡಿಯೊ.
"ಕಿಡಿಯೊ ಅಂದರೆ ಹುಳ ಅಲ್ವಾ ಅಮ್ಮ?
ನಾವು ಹುಳ ತಿನ್ನುವುದಾ?"
ಐದು ವರ್ಷದ ಎಲ್ರಿಕ್ ಪ್ರತಿ ಹುಳಕ್ಕೂ ಕೇಳುತ್ತಾನೆ.
ಜೊವಿಟಾ ಒಂಬತ್ತರವಳು, ಲೆಕ್ಕದ ಹುಡುಗಿ:
ನನ್ನದು ನಲ್ವತ್ತೆರಡು, ನಿನ್ನದು ಹನ್ನೊಂದು,
ಅದರಲ್ಲೂ ಮೂರು ಸೊಟ್ಟ.

ಮೈಮುನಾಳ ಮನೆಯ ತಟ್ಟೆ ಪೆರ್ನಾಲಿನಿಂದ ನಮ್ಮಲ್ಲೇ ಉಂಟು,
ಖಾಲಿ ಕಳಿಸುವ ಹಾಗಿಲ್ಲ.
ಸುಗಂಧಿ ಅಕ್ಕನಿಗೆ ಸಕ್ಕರೆ ಕಮ್ಮಿಯದ್ದು ಬೇರೆ.
ಮೆಡಿಕಲ್ಲಿನ ಧಣಿಗೆ ಒಂದು ಡಬ್ಬ.
ನಾನು ಮನಸ್ಸಲ್ಲೇ ಹಂಚುತ್ತಿದ್ದೆ, ಬಾಣಲೆ ಕಾಯುತ್ತಿತ್ತು,
ಅವನು ಶುರು ಮಾಡಿದ:

"ಗೋದಲಿಯಲ್ಲಿ ಎಲ್ಲ ಇದ್ದಾರೆ, ದನ, ಕುರಿ, ಅಪ್ಪ, ಅಮ್ಮ.
ಮಗು ಎಲ್ಲಿ?"
ಇನ್ನೂ ಹುಟ್ಟಲಿಲ್ಲ ಮಗಾ. ಇಪ್ಪತ್ನಾಲ್ಕರ ರಾತ್ರಿ.
"ಈಗ ಎಲ್ಲಿರುವುದು ಹಾಗಾದರೆ?"
ಕಪಾಟಿನಲ್ಲಿ. ನನ್ನ ಮದುವೆ ಸೀರೆಯ ಮಡಿಕೆಯಲ್ಲಿ.
"ಬಾಗಿಲು ಹಾಕಿ?"
ಹೌದು, ಬಾಗಿಲು ಹಾಕಿ.
"ಉಸಿರು?"

ಅಷ್ಟರಲ್ಲಿ ಎಣ್ಣೆ ಹೊಗೆಯೆದ್ದಿತು,
ಅವನ ಚಡ್ಡಿಯ ಕಿಸೆಯಿಂದ ಹಿಟ್ಟು ಅಂಟಂಟಾಗಿ ಇಳಿಯಿತು,
ನನ್ನ ಬಾಯಿಂದ ಬರಬಾರದ್ದು ಬಂತು.
ಕೈಯೂ ಎದ್ದಿತ್ತು. ಜೊವಿಟಾ ನೋಡಿದಳು; ಇಳಿಸಿದೆ.
ಅವ ಅಳಲಿಲ್ಲ.
ಕುರಿ ಮಾಡಲಿಕ್ಕೆ ಇಟ್ಟುಕೊಂಡದ್ದಂತೆ,
ಒಂದು ಕುರಿಗೆ ಕಾಲಿಲ್ಲವಲ್ಲ, ಅದಕ್ಕೆ.

ಹನ್ನೊಂದೂವರೆ. ಎಲ್ಲ ಮುಗಿಯಿತು ಅನ್ನುವಷ್ಟು ಮುಗಿಯಿತು.
ಡಬ್ಬ ತುಂಬಿದೆ, ಸೊಂಟ ಸತ್ತಿದೆ.
ಬಾಚಣಿಗೆ ತೊಳೆದು ಒರೆಸಿ ತೊಟ್ಟೆಗೆ ಹಾಕುವಾಗ
ಒಂದು, ಎರಡು.
ಮೂರನೆಯದು ಪೇಪರಿನಡಿಯಲ್ಲಿಲ್ಲ,
ಸಿಂಕಿನಲ್ಲಿಲ್ಲ, ಒಲೆಯ ಸಂದಿಯಲ್ಲಿಲ್ಲ.
ಅತ್ತೆ ಇದ್ದಿದ್ದರೆ ಇಷ್ಟಕ್ಕೇ ಒಂದು ವಾರ ಮಾತು ಬಿಡುತ್ತಿದ್ದರು.

ಕೋಣೆಯಲ್ಲಿ ಫ್ಯಾನು, ಇಬ್ಬರ ನಿದ್ದೆ,
ಅವನ ಉಗುರುಗಳಲ್ಲಿ ಒಣಗಿದ ಹಿಟ್ಟು.
ಕಪಾಟಿನ ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ,
ಮುಚ್ಚಲಾಗದ ಹಾಗೆ ಕೆಳಗೆ ಸಿಕ್ಕಿಸಿದೆ ಬಾಚಣಿಗೆ.
ಒಳಗೆ ಸೀರೆ ಸರಿದು ಪುಟ್ಟ ಮಣ್ಣಿನ ಮುಖ,
ಪಕ್ಕದಲ್ಲಿ ಜರಿಯ ಮೇಲೆ
ಮೂರು ಸೊಟ್ಟ ಹುಳ.

ಎಣ್ಣೆಯ ಕಲೆ ಹೋಗುವುದಿಲ್ಲ, ನನಗೆ ಗೊತ್ತು.
ಬೆಳಗಾಗುವುದರೊಳಗೆ ಇರುವೆ ಬರುತ್ತದೆ, ಅದೂ ಗೊತ್ತು.
ಬಗ್ಗಿದೆ, ಬಾಚಣಿಗೆಗೆ ಕೈ ಹಾಕಿದೆ,
ಹಾಗೇ ಕುಕ್ಕರಗಾಲಲ್ಲಿ ಎಷ್ಟೋ ಹೊತ್ತು ಕೂತೆ.

ಆಮೇಲೆ ಎದ್ದು ಇರುವೆ ಚಾಕು ಹುಡುಕಿ ತಂದು
ಕಪಾಟಿನ ನಾಲ್ಕು ಕಾಲಿಗೂ ಗೆರೆ ಎಳೆದೆ.
ಅಲಾರಂ ಐದೂಕಾಲಿಗೆ ಇಟ್ಟೆ.